ಚಳಿಗೆ ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟುತ್ತದೆಯೇ? ಕುದಿನೀರು ಸುರಿಯುವ ಮುನ್ನ ಓದಿ

‘ಚಳಿಗೆ ಕಾರಿನ ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟಿದರೆ ಚಕ್ರಕ್ಕೆ ಕುದಿಯುವ ನೀರು ಹಾಕಿ’ ಎಂಬ ಸಲಹೆ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಲಡಾಖ್‌ನಲ್ಲಾದರೆ ಬ್ರೇಕಿನೊಳಗಿನ ನೀರು ಮಂಜುಗಡ್ಡೆಯಾಗುವುದು ನಿಜ. ಆದರೆ ಜೇವರ್ಗಿ ತಾಲ್ಲೂಕಿನ ಕೊಳಕೂರದಲ್ಲಿ? ನೀರು ಹೆಪ್ಪುಗಟ್ಟಲು ತಾಪಮಾನ 0 ಡಿಗ್ರಿಗೆ ಇಳಿಯಬೇಕು. ಕಲಬುರಗಿ ಕಡೆ ಡಿಸೆಂಬರ್ ನಸುಕಿನಲ್ಲೂ ಅಷ್ಟು ಚಳಿ ಇರುವುದಿಲ್ಲ.

ಇಲ್ಲಿ ಬ್ರೇಕ್ ಹಿಡಿದುಕೊಳ್ಳುವುದು ಹೆಚ್ಚಾಗಿ ತುಕ್ಕಿನಿಂದ. ಬಹುತೇಕ ಸಣ್ಣ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ, ಹಿಂದಿನ ಚಕ್ರಗಳ ಬ್ರೇಕ್ ಶೂ ಕಬ್ಬಿಣದ ಡ್ರಮ್ಮಿಗೆ ಒತ್ತಿ ನಿಲ್ಲುತ್ತದೆ. ಕಾರು ತೊಳೆದು, ಒದ್ದೆಯಲ್ಲೇ ಬ್ರೇಕ್ ಎಳೆದು ನಾಲ್ಕು ದಿನ ಬಿಟ್ಟರೆ ಡ್ರಮ್ ತುಕ್ಕು ಹಿಡಿದು ಶೂಗೆ ಅಂಟಿಕೊಳ್ಳುತ್ತದೆ. ಬೆಳಗಿನ ಇಬ್ಬನಿಯೂ ಕೈಜೋಡಿಸುತ್ತದೆ, ಬೈಗುಳ ಮಾತ್ರ ಚಳಿಗೆ. ಕೇಬಲ್ಲಿನೊಳಗೆ ತುಕ್ಕು ಹಿಡಿದರೂ ಇದೇ ಗತಿ.

ಹಾಗಾದಾಗ ಲಿವರ್ ಪೂರ್ತಿ ಇಳಿಸಿ, ಒಂದನೇ ಗೇರ್ ಮತ್ತು ರಿವರ್ಸ್‌ನಲ್ಲಿ ಕಾರನ್ನು ಮೆಲ್ಲಗೆ ಹಿಂದೆ ಮುಂದೆ ಮಾಡಿ ನೋಡಿ. ಬರೀ ತುಕ್ಕಿನ ಅಂಟಾದರೆ ಸಾಮಾನ್ಯವಾಗಿ ‘ಟಕ್’ ಎಂದು ಬಿಡುತ್ತದೆ. ಬಿಡದಿದ್ದರೆ ಮೆಕ್ಯಾನಿಕ್ ಕರೆಸಿ. ಹಾಗೇ ಎಳೆದುಕೊಂಡು ಓಡಿಸಿದರೆ ಡ್ರಮ್ ಕಾದು ಬ್ರೇಕಿನ ಹಿಡಿತವೇ ಹೋಗಬಹುದು.

ಕುದಿನೀರಿಗಿಂತ ನಮಗೆ ಹೆಚ್ಚು ಆತಂಕ ‘ಬ್ರೇಕಿಗೆ ಸ್ವಲ್ಪ ಎಣ್ಣೆ ಬಿಡಿ’ ಎನ್ನುವವರದ್ದು. ಎಣ್ಣೆ ತಗುಲಿದ ಶೂ ಜಾರುತ್ತದೆ, ಬೇಕಾದಾಗ ಕಾರು ನಿಲ್ಲುವುದಿಲ್ಲ. ಆ ಮೆಸೇಜನ್ನಂತೂ ಮುಂದಕ್ಕೆ ಕಳಿಸಬೇಡಿ.

ವಾರಗಟ್ಟಲೆ ಊರು ಬಿಡುವುದಿದ್ದರೆ ಕಾರನ್ನು ಸಮತಟ್ಟು ಜಾಗದಲ್ಲಿ ಗೇರ್ ಹಾಕಿ ನಿಲ್ಲಿಸಿ, ಚಕ್ರದ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ ಹೋಗಿ.