ತಟ್ಟೆಯಲ್ಲೊಂದು ವೃಕ್ಷ, ನಾನೂರು ವರ್ಷಗಳ ತಾಳ್ಮೆ

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ವರ್ಷಾನುವರ್ಷ ಕುಳಿತವನಿಗೆ ಒಂದು ಸತ್ಯವು ಮನದಟ್ಟಾಗಿದೆ: ರಾತ್ರಿ ರುಬ್ಬಿಟ್ಟ ಹಿಟ್ಟು ತನ್ನ ಕಾಲಕ್ಕೆ ತಾನೇ ಹುದುಗಬೇಕಲ್ಲದೆ, ಯಾವ ಮಾಲಿಕನ ಗದರಿಕೆಗೂ ಅದು ಬೇಗ ಉಬ್ಬಲಾರದು. ಒಂದು ರಾತ್ರಿಯ ಈ ತಾಳ್ಮೆಯೇ ನಮಗೆ ದುಸ್ಸಾಧ್ಯವೆನಿಸುವಾಗ, ನಾನೂರು ವರ್ಷ ಕಾದವರ ಕಥೆಯನ್ನು ವಾಚಕ ಬಂಧುಗಳ ಮುಂದಿಡುವುದು ಅಪ್ರಸ್ತುತವಾಗಲಾರದು.

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಜಪಾನಿನ ಬಿಳಿ ಪೈನ್ ಜಾತಿಯ ಒಂದು ಗಿಡ್ಡ ಮರವಿದೆ. ಅದರ ನೆಲೆ ಒಂದು ಕುಂಡ ಮಾತ್ರ. ಆದರೆ ಅದನ್ನು ತಿದ್ದಿ ಬೆಳೆಸುವ ಕಾರ್ಯವು ಆರಂಭವಾದುದು 1625ರಲ್ಲಿ! ಇಂತಹ ಮರಕ್ಕೆ ಜಪಾನೀಯರು ‘ಬೋನ್ಸಾಯ್’ ಎನ್ನುತ್ತಾರೆ. ತಟ್ಟೆಯಲ್ಲಿ ನೆಟ್ಟುದು ಎಂಬುದೇ ಆ ಪದದ ಅರ್ಥ. ಈ ವಿದ್ಯೆಯ ಮೂಲವು ಚೀನಾ ದೇಶ.

ಮರವನ್ನು ಉಪವಾಸ ಕೆಡವಿ ಕುಬ್ಜಗೊಳಿಸುತ್ತಾರೆಂಬುದು ತಪ್ಪು ತಿಳಿವಳಿಕೆ. ನೀರು, ಬಿಸಿಲು, ಕಾಲಕಾಲಕ್ಕೆ ಗೊಬ್ಬರ ಇವು ಅದಕ್ಕೆ ಸಲ್ಲಲೇಬೇಕು. ಕೆಲವು ವರ್ಷಗಳಿಗೊಮ್ಮೆ ಮರವನ್ನು ಕುಂಡದಿಂದೆತ್ತಿ, ಹೆಣೆದುಕೊಂಡ ಬೇರುಗಳನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ಮತ್ತೆ ನೆಡುತ್ತಾರೆ. ಕೊಂಬೆಗೆ ತಂತಿಯನ್ನು ಸುತ್ತಿ ಬೇಕಾದ ದಿಕ್ಕಿಗೆ ಮೆಲ್ಲನೆ ಬಾಗಿಸುತ್ತಾರೆ. ಆ ಬಾಗು ನೆಲೆಗೊಳ್ಳಲು ತಿಂಗಳುಗಳೇ ಬೇಕು. ಅವಸರಪಟ್ಟರೆ ಕೊಂಬೆ ಮುರಿಯುತ್ತದೆ. ಸಕಾಲದಲ್ಲಿ ತಂತಿ ಬಿಚ್ಚಲು ಮರೆತರೆ ಅದು ತೊಗಟೆಯನ್ನು ಕೊರೆದು, ಗಾಯದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ನನ್ನ ಹೋಟೆಲಿಗೆ ಬಂದ ಹುಡುಗರನ್ನು ತಿದ್ದುವಾಗ ಈ ಎರಡನೆಯ ತಪ್ಪನ್ನು ನಾನೂ ಮಾಡಿದ್ದುಂಟು.

ಮೇಲೆ ಹೇಳಿದ ಪೈನ್ ಮರವು ಹಿಂದೆ ಹಿರೋಷಿಮಾದ ಯಾಮಾಕಿ ಕುಟುಂಬದ ಪೋಷಣೆಯಲ್ಲಿತ್ತು. 1945ರ ಆಗಸ್ಟ್ 6ರ ಬೆಳಿಗ್ಗೆ ಆ ನಗರದ ಮೇಲೆ ಅಮೆರಿಕದ ಅಣುಬಾಂಬು ಸಿಡಿಯಿತು. ಯಾಮಾಕಿಯವರ ಮನೆ ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರ. ಕಿಟಕಿಯ ಗಾಜು ಚೂರುಚೂರಾಗಿ ಒಳಗಿದ್ದವರಿಗೆ ತಗುಲಿತು, ಆದರೆ ಪ್ರಾಣಾಪಾಯವಾಗಲಿಲ್ಲ. ತೋಟದ ಎತ್ತರದ ಗೋಡೆಯ ಮರೆಯಲ್ಲಿದ್ದ ಮರವೂ ಉಳಿಯಿತು.

1976ರಲ್ಲಿ ಅಮೆರಿಕವು ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷವನ್ನು ಆಚರಿಸಿದಾಗ ಜಪಾನು 53 ಬೋನ್ಸಾಯ್‌ಗಳನ್ನು ಕಾಣಿಕೆಯಾಗಿತ್ತಿತು. ಮಸಾರು ಯಾಮಾಕಿಯವರು ಕೊಟ್ಟುದು ಇದೇ ಮರವನ್ನು. ತಮ್ಮ ಊರನ್ನು ಸುಟ್ಟ ದೇಶಕ್ಕೆ! ಅದರ ಪೂರ್ವವೃತ್ತಾಂತವು ಮಾತ್ರ ಅಲ್ಲಿ ಪ್ರಚಾರವಾಗಲಿಲ್ಲ. 2001ರಲ್ಲಿ ಅವರ ಇಬ್ಬರು ಮೊಮ್ಮಕ್ಕಳು ಅಜ್ಜನ ಮರವನ್ನು ಕಾಣಲು ಬಂದಾಗಲೇ ಉದ್ಯಾನದವರಿಗೆ ಈ ಸಂಗತಿ ತಿಳಿಯಿತು. ಮೊದಲ ಕೊಂಬೆಯನ್ನು ಬಾಗಿಸಿದವನು ಆ ಮರದ ಪೂರ್ಣರೂಪವನ್ನು ಕಾಣಲಿಲ್ಲ; ಇಂದು ನೀರೆರೆಯುವವನೂ ಕಾಣಲಾರನು. ಆದರೂ ಒಂದು ದಿನವೂ ನೀರು ತಪ್ಪಿಸುವಂತಿಲ್ಲ.

ಪರವೂರಿನಲ್ಲಿ ಅಂಗಳವಿಲ್ಲದೆ ಬಾಳುವ ನಮಗೂ ಈ ವಿದ್ಯೆ ಎಟುಕದುದೇನಲ್ಲ. ಚಾಳಿನ ಗೋಡೆಯ ಬಿರುಕಿನಲ್ಲಿ ತಾನಾಗಿ ಮೊಳೆತ ಆಲದ ಸಸಿಯನ್ನು ಮಳೆಗಾಲದ ಆರಂಭದಲ್ಲಿ ಬೇರುಸಹಿತ ಬಿಡಿಸಿ, ತಳದಲ್ಲಿ ರಂಧ್ರವುಳ್ಳ ಕುಂಡದಲ್ಲಿ ನೆಟ್ಟು, ಬಿಸಿಲು ಬೀಳುವ ಗ್ಯಾಲರಿಯಲ್ಲಿಡಬಹುದು. ಮೊದಲ ಒಂದೆರಡು ವರ್ಷ ಕತ್ತರಿಗೆ ಅವಸರ ಬೇಡ, ಬೇರು ಊರಲಿ. ಮಣ್ಣು ಒಣಗುವ ಮೊದಲೇ ನೀರೆರೆಯಿರಿ. ಊರಿಗೆ ಹೋಗುವಾಗ ಆ ಹೊಣೆಯನ್ನು ಕೋಣೆಯ ಸಂಗಾತಿಗೆ ಒಪ್ಪಿಸಿ ಹೋಗಿರಿ. ನಾನೂರು ವರ್ಷದ ಆ ಮರವು ಉಳಿದುಬಂದಿರುವುದೂ ಹೀಗೆ ಕೈಯಿಂದ ಕೈಗೆ ಒಪ್ಪಿಸಿದವರಿಂದಲೇ.