ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಲು ಓದಿನ ಯೋಜನೆ ಹೇಗಿರಬೇಕು?

ಮೇಷ್ಟ್ರ ಕೆಲಸಕ್ಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಗೌರವವಿದೆ. ಪಿ.ಯು.ಸಿ. ಮುಗಿಸಿದ ಮಗನನ್ನೋ ಮಗಳನ್ನೋ ಶಾಲೆಯ ಉಪಾಧ್ಯಾಯರನ್ನಾಗಿ ನೋಡಬೇಕೆಂದು ಬಯಸುವ ತಂದೆತಾಯಿಗಳು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಆದರೆ ಈ ಆಸೆಗೆ ತಕ್ಕ ಯೋಜನೆ ಎಲ್ಲರಲ್ಲಿಯೂ ಇರುವುದಿಲ್ಲ. “ಮೊದಲು ಒಂದು ಡಿಗ್ರಿ ಆಗಲಿ, ಆಮೇಲೆ ಬಿ.ಎಡ್. ಮಾಡಿಸಿದರಾಯಿತು” ಎಂದುಕೊಂಡು ಹತ್ತಿರದ ಕಾಲೇಜಿಗೆ ಸೇರಿಸುವವರೇ ಹೆಚ್ಚು. ಐದು ವರ್ಷ ಕಳೆದು, ಕೈಯಲ್ಲಿದ್ದ ಹಣ ಕರಗಿದ ಮೇಲೆ, “ನಿಮ್ಮ ಓದು ಈ ತರಗತಿಗೆ ಸಲ್ಲುವುದಿಲ್ಲ” ಎಂಬ ಮಾತು ಕೇಳಿಬಂದರೆ ಆ ಮನೆಯವರ ಪಾಡು ಏನಾಗಬೇಕು?

ಹೊಲ ಯಾವುದು, ಬೆಳೆ ಯಾವುದು ಎಂದು ಗೊತ್ತುಮಾಡಿಕೊಂಡೇ ರೈತನು ಬೀಜ ಕೊಳ್ಳುತ್ತಾನೆ. ಓದಿನ ವಿಷಯದಲ್ಲಿಯೂ ಇದೇ ಕ್ರಮ ಸರಿ. ಯಾವ ತರಗತಿಯ ಮಕ್ಕಳಿಗೆ ಪಾಠ ಹೇಳಬೇಕು ಎಂಬುದನ್ನು ಮೊದಲು ನಿಶ್ಚಯಿಸಬೇಕು. ಯಾವ ಪದವಿ, ಯಾವ ತರಬೇತಿ ಎಂಬುದನ್ನು ಆಮೇಲೆ ಆರಿಸಬೇಕು. ಈ ಲೇಖನದ ಸಾರ ಇಷ್ಟೇ. ಅದರ ವಿವರಗಳನ್ನು ಮುಂದೆ ಕೊಟ್ಟಿದೆ.

ನಿಯಮ ಎಲ್ಲಿಂದ ಬಂದಿತು?

೬ರಿಂದ ೧೪ ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಕೊಡಬೇಕೆಂಬ ೨೦೦೯ರ ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ೧ರಿಂದ ೮ನೇ ತರಗತಿಯವರೆಗೆ ಪಾಠ ಹೇಳುವವರಿಗೆ ಕನಿಷ್ಠ ಅರ್ಹತೆ ಏನಿರಬೇಕೆಂದು ಗೊತ್ತುಮಾಡುವ ಅಧಿಕಾರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿಗೆ, ಅಂದರೆ ಎನ್.ಸಿ.ಟಿ.ಇ.ಗೆ, ಸೇರಿತು. ಅದೇ ವರ್ಷ ಆಗಸ್ಟ್ ೨೩ರಂದು ಪರಿಷತ್ತು ಈ ಅರ್ಹತೆಗಳನ್ನು ಪ್ರಕಟಿಸಿತು. ಆಮೇಲೆ ಆಗಾಗ ತಿದ್ದುಪಡಿಗಳಾಗಿದ್ದರೂ ಬುನಾದಿ ಅದೇ ಆಗಿದೆ. ಅದರಂತೆ ಉಪಾಧ್ಯಾಯರಾಗುವವರಿಗೆ ಮೂರು ಬೇಕು: ಸಾಮಾನ್ಯ ವಿದ್ಯಾಭ್ಯಾಸ, ಪಾಠ ಹೇಳುವ ತರಬೇತಿ, ಮತ್ತು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ, ಅಂದರೆ ಟಿ.ಇ.ಟಿ.ಯಲ್ಲಿ, ತೇರ್ಗಡೆ.

ತರಗತಿಗೆ ತಕ್ಕ ಅರ್ಹತೆ

ಪ್ರಾಥಮಿಕ ಶಾಲೆ ಒಂದೇ ಕಟ್ಟಡದಲ್ಲಿದ್ದರೂ ಅರ್ಹತೆಯ ದೃಷ್ಟಿಯಿಂದ ಅದು ಎರಡು ಭಾಗ.

೧ರಿಂದ ೫ನೇ ತರಗತಿಗೆ: ಪಿ.ಯು.ಸಿ.ಯಲ್ಲಿ ಕನಿಷ್ಠ ಶೇ. ೫೦ ಅಂಕ ಮತ್ತು ಎರಡು ವರ್ಷದ ಡಿ.ಎಲ್.ಎಡ್. ತರಬೇತಿ. ನಮ್ಮ ಹಿರಿಯರು ಟಿ.ಸಿ.ಎಚ್. ಎಂದು ಕರೆಯುತ್ತಿದ್ದ ತರಬೇತಿಯೇ ಮುಂದೆ ಡಿ.ಎಡ್. ಆಗಿ, ಈಗ ಡಿ.ಎಲ್.ಎಡ್. ಆಗಿದೆ. ಇಲ್ಲಿ ಪದವಿ ಕಡ್ಡಾಯವಲ್ಲ.

೬ರಿಂದ ೮ನೇ ತರಗತಿಗೆ: ಪದವಿ ಬೇಕು. ಪದವಿಯ ಜೊತೆಗೆ ಡಿ.ಎಲ್.ಎಡ್. ಇದ್ದರೂ ಆಗುತ್ತದೆ, ಬಿ.ಎಡ್. ಇದ್ದರೂ ಆಗುತ್ತದೆ. ಇವರನ್ನು ನಮ್ಮ ರಾಜ್ಯದಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರು ಎಂದು ಕರೆಯುತ್ತಾರೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಅಂಕಗಳಲ್ಲಿ ಶೇ. ೫ರವರೆಗೆ ರಿಯಾಯಿತಿ ಕೊಡಲು ನಿಯಮದಲ್ಲಿ ಅವಕಾಶವಿದೆ. ಆದರೆ ರಿಯಾಯಿತಿಯನ್ನು ನಂಬಿಕೊಂಡು ಓದುವುದು ಬೇಡ. ಪಿ.ಯು.ಸಿ.ಯಲ್ಲಿಯೂ ಪದವಿಯಲ್ಲಿಯೂ ಶೇ. ೫೦ಕ್ಕೆ ಕಡಿಮೆಯಾಗದಂತೆ ನೋಡಿಕೊಂಡರೆ ಮುಂದಿನ ಬಾಗಿಲುಗಳು ತೆರೆದಿರುತ್ತವೆ.

ಬಿ.ಎಡ್. ಆದವರು ಚಿಕ್ಕ ತರಗತಿಗೆ ಸಲ್ಲುವರೇ?

ಬಹಳ ಮಂದಿ ತಪ್ಪು ತಿಳಿದಿರುವುದು ಇಲ್ಲಿಯೇ. ಬಿ.ಎಡ್. ದೊಡ್ಡ ತರಬೇತಿ, ಆದ್ದರಿಂದ ಅದನ್ನು ಮಾಡಿದವರು ಒಂದನೇ ತರಗತಿಗೂ ಸಲ್ಲುತ್ತಾರೆ ಎಂದು ಜನ ಭಾವಿಸುತ್ತಾರೆ. ೨೦೧೮ರಲ್ಲಿ ಪರಿಷತ್ತು, ಆರು ತಿಂಗಳ ಸೇತುಬಂಧ ತರಬೇತಿಯ ಷರತ್ತಿನ ಮೇಲೆ, ಬಿ.ಎಡ್. ಆದವರನ್ನು ೧ರಿಂದ ೫ನೇ ತರಗತಿಗೂ ನೇಮಿಸಬಹುದೆಂದು ಹೇಳಿದ್ದು ನಿಜ. ಆದರೆ ಸುಪ್ರೀಂ ಕೋರ್ಟು ೨೦೨೩ರ ಆಗಸ್ಟ್ ೧೧ರಂದು ಕೊಟ್ಟ ತೀರ್ಪಿನಿಂದ ಆ ದಾರಿ ಮುಚ್ಚಿಹೋಯಿತು. ಅಕ್ಷರ ಕಲಿಯುವ ಎಳೆಯ ಮಕ್ಕಳಿಗೆ ಪಾಠ ಹೇಳುವ ವಿಧಾನವೇ ಬೇರೆ, ಬಿ.ಎಡ್. ತರಬೇತಿ ಮೇಲಿನ ತರಗತಿಗಳಿಗಾಗಿ ಏರ್ಪಟ್ಟದ್ದು ಎಂಬುದು ಆ ತೀರ್ಪಿನ ತಿರುಳು. ಆದುದರಿಂದ ಒಂದನೇ ತರಗತಿಯ ಮಕ್ಕಳ ಮೇಷ್ಟ್ರಾಗಬೇಕೆಂಬ ಮನಸ್ಸುಳ್ಳವರು ಬಿ.ಎಡ್. ಒಂದನ್ನೇ ನೆಚ್ಚಿ ಹೋಗಬಾರದು.

ಮೂರು ದಾರಿಗಳ ಲೆಕ್ಕ

ಪಿ.ಯು.ಸಿ. ಮುಗಿದ ದಿನದಿಂದ ವರ್ಷಗಳನ್ನು ಎಣಿಸೋಣ.

ಮೊದಲನೆಯ ದಾರಿ: ಮೂರು ವರ್ಷದ ಪದವಿ, ಆಮೇಲೆ ಎರಡು ವರ್ಷದ ಬಿ.ಎಡ್. ಒಟ್ಟು ಐದು ವರ್ಷ. ಇದರಿಂದ ೬ರಿಂದ ೮ನೇ ತರಗತಿಯ ಬಾಗಿಲು ತೆರೆಯುತ್ತದೆ. ಪ್ರೌಢಶಾಲೆಯ ಕಡೆಗೂ ದಾರಿಯಾಗುತ್ತದೆ. ೧ರಿಂದ ೫ಕ್ಕೆ ಸಲ್ಲುವುದಿಲ್ಲ.

ಎರಡನೆಯ ದಾರಿ: ಎರಡು ವರ್ಷದ ಡಿ.ಎಲ್.ಎಡ್., ಆಮೇಲೆ ಮೂರು ವರ್ಷದ ಪದವಿ. ಇದೂ ಐದೇ ವರ್ಷ. ಆದರೆ ಎರಡು ವರ್ಷ ಮುಗಿದು ಟಿ.ಇ.ಟಿ. ತೇರ್ಗಡೆಯಾದೊಡನೆ ೧ರಿಂದ ೫ಕ್ಕೆ ಅರ್ಹತೆ ಬಂದಿರುತ್ತದೆ. ಪದವಿಯೂ ಮುಗಿದರೆ ೬ರಿಂದ ೮ಕ್ಕೂ ಅರ್ಹತೆ ಬರುತ್ತದೆ. ಪ್ರಾಥಮಿಕ ಶಾಲೆಯ ಎರಡು ಬಾಗಿಲುಗಳೂ ತೆರೆಯುವುದು ಈ ದಾರಿಯಲ್ಲಿ. ಪ್ರೌಢಶಾಲೆಯ ಆಸೆಯಿದ್ದವರು ಮಾತ್ರ ಮುಂದೆ ಬಿ.ಎಡ್. ಮಾಡಬೇಕಾದೀತು.

ಮೂರನೆಯ ದಾರಿ: ಪದವಿಯನ್ನೂ ತರಬೇತಿಯನ್ನೂ ಕೂಡಿಸಿದ ನಾಲ್ಕು ವರ್ಷದ ಸಂಯೋಜಿತ ಶಿಕ್ಷಣ. ಒಂದು ವರ್ಷ ಉಳಿಯುತ್ತದೆ. ೧೯೬೩ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ನಾಲ್ಕು ವರ್ಷದ ಶಿಕ್ಷಣಕ್ಕೆ ಹೆಸರಾದದ್ದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಗೆ ಅನುಗುಣವಾಗಿ ಐ.ಟಿ.ಇ.ಪಿ. ಎಂಬ ಹೊಸ ನಾಲ್ಕು ವರ್ಷದ ಕ್ರಮ ೨೦೨೩-೨೪ರಲ್ಲಿ ದೇಶದ ಆಯ್ದ ಸಂಸ್ಥೆಗಳಲ್ಲಿ ಮೊದಲಾಯಿತು. ಇದಕ್ಕೆ ಎನ್.ಸಿ.ಇ.ಟಿ. ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯನ್ನು ಏರ್ಪಡಿಸಿದ್ದಾರೆ. ಎರಡನೆಯ ಪಿ.ಯು.ಸಿ.ಯಲ್ಲಿರುವಾಗಲೇ ಈ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು. ಯಾವ ಹಂತದ ತರಗತಿಗಳಿಗಾಗಿ ತರಬೇತಿ ಕೊಡುತ್ತಾರೆಂಬುದನ್ನು ಸೇರುವ ಮುಂಚೆಯೇ ಕೇಳಿ ತಿಳಿಯಬೇಕು. ಏಕೆಂದರೆ ಈ ಕ್ರಮದಲ್ಲಿ ಹಂತಕ್ಕೊಂದು ತರಬೇತಿಯಿದೆ.

ಯಾವ ವರ್ಷ ಯಾವ ತರಗತಿಗೆ ಎಷ್ಟು ಹುದ್ದೆ ತುಂಬುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ. ೨೦೨೨ರಲ್ಲಿ ರಾಜ್ಯ ಸರ್ಕಾರ ೧೫,೦೦೦ ಹುದ್ದೆಗಳಿಗೆ ಅರ್ಜಿ ಕರೆದಾಗ ಅವೆಲ್ಲವೂ ೬ರಿಂದ ೮ನೇ ತರಗತಿಯವು. ಪಿ.ಯು.ಸಿ. ಮತ್ತು ಡಿ.ಎಲ್.ಎಡ್. ಮಾತ್ರ ಇದ್ದವರು ಅರ್ಜಿ ಹಾಕುವಂತಿರಲಿಲ್ಲ. ಡಿ.ಎಲ್.ಎಡ್. ಮಾಡಿದವರು ಪದವಿಯನ್ನು ಬಿಡಬಾರದೆಂದು ಹೇಳುವುದು ಇದಕ್ಕಾಗಿ.

ಪದವಿಯಲ್ಲಿ ಯಾವ ವಿಷಯ?

೧ರಿಂದ ೫ನೇ ತರಗತಿಯ ಉಪಾಧ್ಯಾಯರು ಎಲ್ಲ ವಿಷಯಗಳನ್ನೂ ಹೇಳಿಕೊಡುತ್ತಾರೆ. ೬ರಿಂದ ೮ರಲ್ಲಿ ಹಾಗಲ್ಲ, ಅಲ್ಲಿ ವಿಷಯಕ್ಕೊಬ್ಬರು. ೨೦೨೨ರ ನೇಮಕಾತಿಯಲ್ಲಿ ಗಣಿತ ಮತ್ತು ವಿಜ್ಞಾನ, ಜೀವ ವಿಜ್ಞಾನ, ಸಮಾಜ ವಿಜ್ಞಾನ, ಇಂಗ್ಲಿಷ್ ಎಂದು ಹುದ್ದೆಗಳನ್ನು ವಿಂಗಡಿಸಿದ್ದರು. ಪದವಿಯಲ್ಲಿ ಓದಿದ ಐಚ್ಛಿಕ ವಿಷಯಗಳಿಗೆ ತಕ್ಕಂತೆ ಅರ್ಜಿ ಹಾಕಬೇಕು. ಬಿ.ಎಡ್.ನಲ್ಲಿಯೂ ಬೋಧನಾ ವಿಷಯಗಳು ಪದವಿಯ ವಿಷಯಗಳನ್ನೇ ಅನುಸರಿಸುತ್ತವೆ.

ಆದುದರಿಂದ ಬಿ.ಎ. ಸೇರುವವರು ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಂಥ ಶಾಲಾ ವಿಷಯಗಳನ್ನು ಆರಿಸಿಕೊಳ್ಳುವುದು ಮೇಲು. ಬಿ.ಎಸ್ಸಿ. ಸೇರುವವರು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಅಥವಾ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಕಡೆ ನೋಡಬೇಕು. ವಾಣಿಜ್ಯ ವಿಷಯ ಪ್ರಾಥಮಿಕ ಶಾಲೆಯಲ್ಲಿ ಇಲ್ಲ, ಬಿ.ಕಾಂ. ಆಲೋಚನೆಯುಳ್ಳವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಾಲೇಜಿಗೆ ಸೇರುವ ಮುಂಚೆ ಹಿಂದಿನ ನೇಮಕಾತಿಯ ಪ್ರಕಟಣೆಯನ್ನು ತರಿಸಿ, ಅದರಲ್ಲಿ ಕೇಳಿದ ವಿಷಯಗಳ ಜೋಡಿಯನ್ನು ಒಮ್ಮೆ ಓದಿ ನೋಡಿರಿ. ಹತ್ತು ನಿಮಿಷದ ಈ ಕೆಲಸದಿಂದ ಮೂರು ವರ್ಷ ಉಳಿದೀತು.

ಟಿ.ಇ.ಟಿ. ಎಂದರೇನು?

ಇದು ನೌಕರಿಯ ಪರೀಕ್ಷೆಯಲ್ಲ, ನೌಕರಿಗೆ ಅರ್ಹತೆ ಕೊಡುವ ಪರೀಕ್ಷೆ. ಒಂದನೆಯ ಪತ್ರಿಕೆ ೧ರಿಂದ ೫ನೇ ತರಗತಿಗೆ, ಎರಡನೆಯದು ೬ರಿಂದ ೮ಕ್ಕೆ. ಒಂದೊಂದರಲ್ಲಿಯೂ ೧೫೦ ಪ್ರಶ್ನೆ, ೧೫೦ ಅಂಕ, ಎರಡೂವರೆ ಗಂಟೆ ಕಾಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಒಂದನೆಯ ಪತ್ರಿಕೆಯಲ್ಲಿ ಮಕ್ಕಳ ಬೆಳವಣಿಗೆ ಮತ್ತು ಬೋಧನಾ ಕ್ರಮ, ಮೊದಲ ಭಾಷೆ, ಎರಡನೆಯ ಭಾಷೆ, ಗಣಿತ, ಪರಿಸರ ಅಧ್ಯಯನ ಎಂಬ ಐದು ಭಾಗಗಳಿದ್ದು, ಒಂದೊಂದಕ್ಕೂ ೩೦ ಅಂಕ. ಎರಡನೆಯ ಪತ್ರಿಕೆಯಲ್ಲಿ ಮೊದಲ ಮೂರು ಭಾಗಗಳು ಹಾಗೆಯೇ ಇದ್ದು, ಉಳಿದ ೬೦ ಅಂಕ ಗಣಿತ-ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿದವರಿಗೆ ಎರಡನೆಯ ಭಾಷೆ ಇಂಗ್ಲಿಷ್. ಹಳ್ಳಿಯ ಮಕ್ಕಳು ಇದಕ್ಕೆ ಅಂಜುವುದುಂಟು. ಮೊದಲಿನಿಂದ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಓದುವ ಅಭ್ಯಾಸವಿದ್ದರೆ ಅಂಜಿಕೆ ಬೇಕಾಗಿಲ್ಲ.

ತೇರ್ಗಡೆಗೆ ಶೇ. ೬೦, ಅಂದರೆ ೯೦ ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ ೧ ಮತ್ತು ಅಂಗವಿಕಲರಿಗೆ ನಮ್ಮ ರಾಜ್ಯದಲ್ಲಿ ಶೇ. ೫೫ ಸಾಕು. ಹಿಂದೆ ಈ ಪ್ರಮಾಣಪತ್ರದ ಅವಧಿ ಏಳು ವರ್ಷವಿತ್ತು. ೨೦೨೧ರಲ್ಲಿ ಅದನ್ನು ಜೀವನಪರ್ಯಂತಕ್ಕೆ ವಿಸ್ತರಿಸಿದರು. ಎರಡೂ ಪತ್ರಿಕೆಗಳಿಗೆ ಅರ್ಹತೆಯುಳ್ಳವರು ಎರಡನ್ನೂ ಬರೆಯುವುದು ಜಾಣತನ. ೨೦೨೫ರ ಸೆಪ್ಟೆಂಬರ್ ೧ರಂದು ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿರುವ ಕೆಲಸದಲ್ಲಿರುವ ಶಿಕ್ಷಕರೂ ಎರಡು ವರ್ಷದೊಳಗೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ಹೇಳಿತು. ಹಾಗಿರುವಾಗ ಹೊಸಬರು ಇದನ್ನು ತಪ್ಪಿಸಿಕೊಳ್ಳುವ ಯೋಚನೆ ಮಾಡುವುದು ವ್ಯರ್ಥ.

ಟಿ.ಇ.ಟಿ. ಆದ ಮೇಲೆ ಸರ್ಕಾರಿ ಶಾಲೆಗೆ ಸೇರಲು ಬೇರೆ ಸ್ಪರ್ಧಾ ಪರೀಕ್ಷೆಯುಂಟು. ಅದರಲ್ಲಿ ಓದಿದ ವಿಷಯದ ಆಳವನ್ನೂ ಭಾಷೆಯ ಶುದ್ಧಿಯನ್ನೂ ಪರೀಕ್ಷಿಸುತ್ತಾರೆ. ಬಾಯಿಪಾಠದ ಓದು ಅಲ್ಲಿ ನಿಲ್ಲುವುದಿಲ್ಲ.

ಮೋಸಹೋಗದಿರಿ

“ತರಗತಿಗೆ ಬರಬೇಕಾಗಿಲ್ಲ, ಹಣ ಕಟ್ಟಿದರೆ ಸಾಕು, ಪ್ರಮಾಣಪತ್ರ ಮನೆಗೆ ಬರುತ್ತದೆ” ಎನ್ನುವ ದಲ್ಲಾಳಿಗಳು ಹಳ್ಳಿಗಳಿಗೂ ಬರುತ್ತಾರೆ. ಅವರ ಮಾತಿಗೆ ಕಿವಿಗೊಡಬೇಡಿರಿ. ಪರಿಷತ್ತಿನ ನಿಯಮದಂತೆ ಡಿ.ಎಲ್.ಎಡ್. ಮತ್ತು ಬಿ.ಎಡ್. ಎರಡಕ್ಕೂ ತರಗತಿಗಳಲ್ಲಿ ಶೇ. ೮೦, ಶಾಲಾ ಅನುಭವದಲ್ಲಿ ಶೇ. ೯೦ ಹಾಜರಿ ಬೇಕು. ಬಿ.ಎಡ್.ನಲ್ಲಿ ಕನಿಷ್ಠ ೨೦ ವಾರ ಶಾಲೆಗಳಲ್ಲಿ ಇದ್ದು ಕಲಿಯಬೇಕು. ದೂರಶಿಕ್ಷಣದ ಬಿ.ಎಡ್. ಇರುವುದು, ಈಗಾಗಲೇ ತರಬೇತಿ ಪಡೆದು ಕೆಲಸದಲ್ಲಿರುವವರಿಗೆ ಮತ್ತು ಮಾನ್ಯತೆ ಪಡೆದ ತರಬೇತಿಯನ್ನು ತರಗತಿಗೆ ಹೋಗಿ ಮುಗಿಸಿದವರಿಗೆ. ಹೊಸದಾಗಿ ಪದವಿ ಮುಗಿಸಿದವರಿಗಲ್ಲ.

ಕಾಲೇಜಿಗೆ ಎನ್.ಸಿ.ಟಿ.ಇ. ಮಾನ್ಯತೆ ಇದೆಯೇ ಎಂಬುದನ್ನು ಪರಿಷತ್ತಿನ ಜಾಲತಾಣದಲ್ಲಿ ನೋಡಬಹುದು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ, ಅಂದರೆ ಡಯಟ್‌ನಲ್ಲಿ, ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೂ ತಿಳಿಯುತ್ತದೆ. ಹಣ ಕಟ್ಟುವ ಮುಂಚೆ ವಿಚಾರಿಸಬೇಕು, ಕಟ್ಟಿದ ಮೇಲಲ್ಲ.

ಕಾಗದಪತ್ರಗಳು

೧. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಆಧಾರ್ ಎಲ್ಲದರಲ್ಲಿಯೂ ಹೆಸರು ಒಂದೇ ರೀತಿ ಇರಲಿ. ವ್ಯತ್ಯಾಸವಿದ್ದರೆ ಈಗಲೇ ತಿದ್ದಿಸಿರಿ.

೨. ೧ರಿಂದ ೧೦ನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆ ಮೀಸಲಾತಿ ಸರ್ಕಾರಿ ನೇಮಕಾತಿಯಲ್ಲಿದೆ. ಶಾಲೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಪಡೆದು ಜೋಪಾನವಾಗಿಡಿರಿ.

೩. ಕಲ್ಯಾಣ ಕರ್ನಾಟಕದವರು ೩೭೧-ಜೆ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಕೊಳ್ಳಬೇಕು.

೪. ಮದುವೆಯಾದ ಹೆಣ್ಣುಮಕ್ಕಳು ಜಾತಿ-ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲೋ ಎಂಬುದನ್ನು ಪ್ರಕಟಣೆಯಲ್ಲಿ ಎಚ್ಚರದಿಂದ ಓದಬೇಕು. ೨೦೨೨ರ ನೇಮಕಾತಿಯಲ್ಲಿ ಇದೇ ವಿಷಯ ವಿವಾದವಾಗಿ ಹೈಕೋರ್ಟಿನವರೆಗೆ ಹೋಯಿತು, ನೇಮಕವೂ ತಡವಾಯಿತು.

ಓದಿನ ಖರ್ಚಿಗೆ ವಿದ್ಯಾರ್ಥಿವೇತನಗಳಿವೆ. ರಾಜ್ಯ ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಜಾಲತಾಣದಲ್ಲಿ ಪ್ರತಿವರ್ಷ ಅವಧಿಯೊಳಗೆ ಅರ್ಜಿ ಹಾಕಬೇಕು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳಲ್ಲಿ ಊಟ-ವಸತಿಗೆ ಅವಕಾಶವಿದೆ. ದೂರದ ಕಾಲೇಜೆಂದು ಮಗಳ ಓದನ್ನು ನಿಲ್ಲಿಸುವ ಮುಂಚೆ ಅಲ್ಲಿ ವಿಚಾರಿಸಿರಿ.

ಕೊನೆಯದಾಗಿ

ಮನೆಯಲ್ಲಿ ಪಿ.ಯು.ಸಿ. ಓದುತ್ತಿರುವವರಿದ್ದರೆ ಒಂದು ಸಂಜೆ ಅವರನ್ನು ಕೂರಿಸಿಕೊಂಡು ಕೇಳಿರಿ: ಎಳೆಯ ಮಕ್ಕಳೊಡನೆ ಇರುವುದು ಇಷ್ಟವೋ, ದೊಡ್ಡ ಮಕ್ಕಳಿಗೆ ಒಂದು ವಿಷಯ ಹೇಳಿಕೊಡುವುದು ಇಷ್ಟವೋ? ಸಾಧ್ಯವಾದರೆ ಊರಿನ ಶಾಲೆಯ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಕೆಲವು ದಿನ ತರಗತಿಯಲ್ಲಿ ಕುಳಿತು ನೋಡಲಿ. ಅಳುವ ಮಗುವನ್ನು ಸಮಾಧಾನಪಡಿಸುವ ತಾಳ್ಮೆ ತನಗಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಉತ್ತರ ಗೊತ್ತಾದ ಮೇಲೆ ದಾರಿಯನ್ನು ಆರಿಸಿರಿ, ಅರ್ಜಿ ಬರೆಯಿರಿ. ನಮ್ಮ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಬೇಕಾದವರು ಅವರೇ. ಅವರ ಐದು ವರ್ಷ ಹಾಳಾದರೆ ನಷ್ಟ ಒಂದು ಮನೆಯದಲ್ಲ, ಇಡೀ ಊರಿನದು.