ಮರಜರೀಗಿಡ ಮತ್ತು ಅದರ ನೆಲೆ: ಅರ್ಜಿದಾರರ ಮಾಹಿತಿಗಾಗಿ

ಪಶ್ಚಿಮ ಘಟ್ಟಗಳ ನಿತ್ಯಹರಿದ್ವರ್ಣ ಕಾಡುಗಳಲ್ಲಿ, ಹಳ್ಳ-ತೊರೆಗಳ ಅಂಚಿನಲ್ಲಿ, ಕೊಡೆ ಬಿಚ್ಚಿದಂತೆ ಎಲೆ ಹರಡಿ ನಿಲ್ಲುವ ಸಸ್ಯವೇ ಮರಜರೀಗಿಡ. ಸಸ್ಯಶಾಸ್ತ್ರದಲ್ಲಿ ಇದು ಸಯಾಥಿಯ ಜೈಗಾಂಟಿಯ ಎಂಬ ಹೆಸರಿನಿಂದ ಪರಿಚಿತವಾಗಿದೆ. ಎಲೆದಂಟು ಕಪ್ಪಾಗಿ ಹೊಳೆಯುವುದರಿಂದ ಗುರುತಿಸುವುದು ಸುಲಭ. ದೂರದಿಂದ ನೋಡಿದವರು ಇದನ್ನು ತಾಳೆಯ ಜಾತಿಯ ಮರವೆಂದು ಭಾವಿಸುವುದುಂಟು.

ಈ ಗಿಡದ ಬೀಜ ಕೋರುವವರಿಗೆ ಮೊದಲು ತಿಳಿಸಬೇಕಾದ ಸಂಗತಿಯೆಂದರೆ, ಇದಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಎಲೆಯ ತಳಭಾಗದ ಕಂದು ಚುಕ್ಕೆಗಳಿಂದ ಧೂಳಿನಂತಹ ಬೀಜಾಣುಗಳು ಉದುರುತ್ತವೆ. ತೇವವಿರುವೆಡೆ ಬಿದ್ದ ಬೀಜಾಣು ಮೊದಲು ಉಗುರಿನಷ್ಟು ಪುಟ್ಟ ಹಸಿರು ಹಾಳೆಯಾಗುತ್ತದೆ. ಆ ಹಾಳೆಯ ಮೇಲೆ ನೀರಿನ ತೆಳುಪೊರೆ ಇದ್ದಾಗ ಮಾತ್ರ ಗಂಡು ಕೋಶಗಳು ಈಜಿ ಅಂಡವನ್ನು ಸೇರಿ, ಹೊಸ ಗಿಡ ಹುಟ್ಟುತ್ತದೆ. ತೊರೆಯ ನೀರನ್ನು ತಿರುಗಿಸಿದರೆ ಅಥವಾ ಮೇಲಿನ ಮರಗಳ ನೆರಳು ತೆಗೆದರೆ ದೊಡ್ಡ ಗಿಡಗಳು ಕೆಲಕಾಲ ಬದುಕಬಹುದು. ಮರಿಗಿಡಗಳು ಮಾತ್ರ ಹುಟ್ಟುವುದಿಲ್ಲ. ಈ ನಷ್ಟ ಸ್ಥಳ ಪರಿಶೀಲನೆಯ ದಿನ ಕಣ್ಣಿಗೆ ಬೀಳುವಂಥದ್ದಲ್ಲ.

ಕಾಂಡವನ್ನು ಸುತ್ತುವರಿದ ದಟ್ಟ ಬೇರುಗಳ ಕವಚ ತೇವವನ್ನು ಹಿಡಿದಿಡುತ್ತದೆ. ಸೀತಾಳೆ ಮೊದಲಾದ ಆರ್ಕಿಡ್‌ಗಳನ್ನು ಬೆಳೆಸಲು ಮರಜರೀಗಿಡಗಳ ಕಾಂಡವನ್ನು ಕಡಿಯುವುದು ಇದೇ ಕಾರಣಕ್ಕೆ. ಸಾಮಾನ್ಯವಾಗಿ ಒಂದೇ ಚಿಗುರುತುದಿ ಇರುವುದರಿಂದ ತಲೆ ಕಡಿದ ಗಿಡ ಮತ್ತೆ ಚಿಗುರುವುದಿಲ್ಲ. ಹೂಕುಂಡಕ್ಕೆ ತೆಂಗಿನ ನಾರು ಸಾಕಾಗುತ್ತದೆ.

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳಿಂದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ಯಾವುದೇ ಸಸ್ಯವನ್ನು ತೆಗೆಯುವಂತಿಲ್ಲ. ಅಂತಹ ಅನುಮತಿಯೂ ವನ್ಯಜೀವಿಗಳ ಉತ್ತಮ ನಿರ್ವಹಣೆಗೆ ಅಗತ್ಯವಿದ್ದಾಗ ಮಾತ್ರ. ಮನೆಯಂಗಳದ ಅಲಂಕಾರ ಅದರೊಳಗೆ ಬರುವುದಿಲ್ಲ. ಸಯಾಥಿಯ ಕುಲವು ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ 2ನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿಯಿಂದ ಆ ಒಪ್ಪಂದದ ಪಟ್ಟಿಗಳು ಕಾಯ್ದೆಯ 4ನೇ ಅನುಸೂಚಿಗೆ ಸೇರಿದ್ದು, ತಿದ್ದುಪಡಿಯು 01-04-2023ರಿಂದ ಜಾರಿಯಲ್ಲಿದೆ. ಆದುದರಿಂದ ಹೊರದೇಶಕ್ಕೆ ಗಿಡವನ್ನಾಗಲಿ ಕಾಂಡದ ತುಂಡನ್ನಾಗಲಿ ಕಳುಹಿಸುವವರು ನಿಯಮಗಳನ್ನು ಮೊದಲೇ ತಿಳಿದುಕೊಳ್ಳತಕ್ಕದ್ದು.

ಸ್ವಂತ ಅಡಿಕೆ ಅಥವಾ ಕಾಫಿ ತೋಟದ ತೊರೆಯಂಚಿನಲ್ಲಿ ಈ ಗಿಡವಿದ್ದವರು ಕಳೆ ತೆಗೆಸುವಾಗ ಆಳುಗಳಿಗೆ ಅದನ್ನು ತೋರಿಸಿ ಬಿಡಿಸಬೇಕಾಗಿ ಕೋರಲಾಗಿದೆ. ಎಳೆಯ ಗಿಡಗಳು ಸಾಮಾನ್ಯ ಜರೀಗಿಡದಂತೆಯೇ ಕಾಣುವುದರಿಂದ ಕತ್ತಿಗೆ ಸಿಗುವುದು ಹೆಚ್ಚು. ಹೆಚ್ಚಿನ ವಿವರಗಳಿಗೆ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.